ನೀರು ಬಿತ್ತು

ವೀಲರ್ ಊರಿನ ಹೊರಗೆ, ಟೆಕ್ಸಸ್ಸಿನ ನೆತ್ತಿಯಲ್ಲಿ,
ಓಪಲ್ ಪಿಂಕ್ನಿ ಮೂರು ಎಂಬ ಬಾವಿ.
ಓಪಲ್ ಅಂದರೆ ಈ ಹೊಲದ ಒಡತಿಯ ಅಜ್ಜಿ;
ಸತ್ತು ನಲವತ್ತು ವರ್ಷ, ಹೆಸರು ಮಾತ್ರ
ಹನ್ನೊಂದು ಸಾವಿರ ಅಡಿ ಇಳಿದು ಕೂತಿದೆ.

ಬೆಳಗಿನ ಐದೂವರೆ. ಗಾಳಿ. ಗಾಳಿಯಲ್ಲಿ ಮರಳು.
ಲವೆಟಾ ಹಾರ್ಗ್ರೋವ್ ಮೀಟರಿನ ಗಾಜನ್ನು ತೋಳಿನಿಂದ ಒರೆಸಿ
ಬರೆದುಕೊಳ್ಳುತ್ತಾಳೆ: ನೀರು, ದಿನಕ್ಕೆ ತೊಂಬತ್ತೆರಡು ಪೀಪಾಯಿ.
ಗ್ಯಾಸಿನ ಅಂಕಿಯನ್ನು ಬಾಯಿಬಿಟ್ಟು ಓದುವುದಿಲ್ಲ,
ಪುಸ್ತಕವನ್ನೇ ನನ್ನ ಕಡೆ ತಿರುಗಿಸುತ್ತಾಳೆ.
"ಮುಳುಗುತ್ತಿದ್ದಾಳೆ ಮುದುಕಿ."

ಮುಳುಗುವುದು ತನ್ನದೇ ನೀರಿನಲ್ಲಿ.
ಕೊಳವೆಯಲ್ಲಿ ನಿಂತ ಉಪ್ಪುನೀರಿನ ಭಾರಕ್ಕೆ
ಅನಿಲ ಏಳಲಾರದು;
ಎದೆಯಲ್ಲಿ ಕಫ ಕಟ್ಟಿದವರ ಉಸಿರಿನಂತೆ ಗೊರಗೊರ.
ಸೋಪಿನ ಕಡ್ಡಿ ಇಳಿಸಿದ್ದಾಯಿತು, ನೊರೆ ಬಂತು,
ನಾಲ್ಕು ದಿನ ಸಲೀಸು, ಮತ್ತೆ ಗೊರಗೊರ.

ನನ್ನ ಸೋದರಮಾವ ಬೋರ್‌ವೆಲ್ ಲಾರಿಯಲ್ಲಿ
ಇಪ್ಪತ್ತು ವರ್ಷ ಕಂಪ್ರೆಸರ್ ನೋಡಿಕೊಂಡವನು.
ಧೂಳು, ಧೂಳು, ಬಿಳಿಕಲ್ಲಿನ ಧೂಳು, ಒಮ್ಮೆಲೇ ಕೆಸರು ಚಿಮ್ಮಿದರೆ
ಮುಖ ಒರೆಸದೆ ಕೂಗುತ್ತಿದ್ದ: ನೀರು ಬಿತ್ತು!
ಮೇಲಕ್ಕೆ ಹಾರಿದ್ದನ್ನು ಬಿತ್ತು ಅನ್ನುವುದೇಕೆ
ಎಂದು ಕೇಳಿದ್ದಕ್ಕೆ ತಲೆಗೊಂದು ಮೊಟಕಿದ್ದ.

ನಾನೀಗ ನೀರನ್ನು ತಡೆಯುವವಳು.
ಫೋನಿನಲ್ಲಿ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದು
"ಕುಡಿಯೋ ನೀರೇನಮ್ಮ ಅದು?" ಅಂದ.
ಅಲ್ಲ ಮಾವ, ಸಮುದ್ರಕ್ಕಿಂತ ಉಪ್ಪು.
ಹಕ್ಕಿಯಿಲ್ಲದ, ಹೂವಿಲ್ಲದ ಕಾಲದ ಒಂದು ಕಡಲು
ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ.
"ಹಂಗಾದ್ರೆ ತಡಿ," ಅಂದ. ಒಪ್ಪಿದಂತೆ ಕೇಳಿಸಲಿಲ್ಲ.

ಮೂರು ಟ್ಯಾಂಕರ್ ಪಾಲಿಮರ್ ಬಂತು.
ಬೆರಳಿಗೆ ಹಚ್ಚಿ ಎಳೆದರೆ ನೂಲು ನೂಲು.
"ಬೆಂಡೆಕಾಯಿ," ಅಂದಳು ಲವೆಟಾ ತನ್ನ ಮಾತಿನಲ್ಲಿ;
ನಾನೂ ಅದನ್ನೇ ಅನ್ನುವುದರಲ್ಲಿದ್ದೆ.
ಇದು ಮರಳುಗಲ್ಲಿಗೆ ಅಂಟಿಕೊಂಡು
ನೀರು ಸೋಕಿದರೆ ಉಬ್ಬಿ ಬಾಗಿಲು ಹಾಕುತ್ತದೆ,
ಅನಿಲ ಬಂದರೆ ಮೈ ಹಿಡಿಮಾಡಿ ದಾರಿ ಬಿಡುತ್ತದೆ.
ಲ್ಯಾಬಿನ ನಾಲ್ಕಿಂಚು ಕಲ್ಲು ಹಾಗೆ ಹೇಳಿದೆ.
ಹನ್ನೊಂದು ಸಾವಿರ ಅಡಿಯ ಕಲ್ಲು
ಇನ್ನೂ ಏನೂ ಹೇಳಿಲ್ಲ.
ಒತ್ತಡ ಮೀರಿದರೆ ಬಿರಿಯುತ್ತದೆ, ಹಾಗಾಗಿ ಮೆಲ್ಲಗೆ,
ಕೂಸಿಗೆ ಒಳಲೆಯಲ್ಲಿ ಹಾಲು ಹಾಕಿದಂತೆ,
ರಾತ್ರಿ ಹನ್ನೊಂದರವರೆಗೆ.

ಎಸೆಕಿಯೆಲ್ ಬರೇರಾ ಟ್ರಕ್ಕಿನಿಂದ ಇಳಿಯಲಿಲ್ಲ.
ಈ ನೀರನ್ನು ಹೊತ್ತು ದೂರದ ವಿಲೇವಾರಿ ಬಾವಿಗೆ
ಸುರಿದು ಬರುವವನು, ಪೀಪಾಯಿಗೆ ಇಷ್ಟು ಎಂದು.
ಬೂಟಿನ ಹೊಲಿಗೆಯಲ್ಲಿ ಬಿಳಿಯ ಉಪ್ಪು.
"ಇದು ಕೆಲಸ ಮಾಡುತ್ತಾ?"
"ಗೊತ್ತಿಲ್ಲ," ಅಂದೆ. ನಿಜವೇ ಅದು.
ಅವನಿಗೆ ಎಂಥ ಉತ್ತರ ಬೇಕಿತ್ತೆಂಬುದು ಮಾತ್ರ ಗೊತ್ತಿತ್ತು.

ಮೂರು ದಿನ ಬಾವಿಯ ಬಾಯಿ ಮುಚ್ಚಿದೆವು.
ಮೋಟೆಲಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು;
ವಾಷರ್ ಹಾಕಲು ಹೇಳಿದೆ, ಯಾರೂ ಬರಲಿಲ್ಲ.
ಕೆಳಗೆ ಟವೆಲ್ ಇಟ್ಟು ಮಲಗಿದೆ.

ತೆರೆದ ದಿನ ಕೆಮ್ಮು, ಲೋಳೆ, ಮತ್ತೆ ಕೆಮ್ಮು.
ಹದಿನೇಳನೆಯ ಬೆಳಿಗ್ಗೆ
ಅಳತೆಪಟ್ಟಿಗೆ ಹಳದಿ ಲೇಪ ಸವರಿ ತೊಟ್ಟಿಗೆ ಇಳಿಬಿಟ್ಟೆವು;
ನೀರು ಮುಟ್ಟಿದಷ್ಟೂ ಅದು ಕೆಂಪಾಗುತ್ತದೆ.
ಮೂರು ಮೊಳ ಇರುತ್ತಿದ್ದ ಕೆಂಪು ಒಂದು ಮೊಳ.
ಮೂವತ್ತೊಂದು ಪೀಪಾಯಿ.
ಗ್ಯಾಸೂ ಏರಿದೆ, ನಾನು ಬರೆದುಕೊಟ್ಟಷ್ಟಲ್ಲ.
ಎಷ್ಟು ಕಾಲ ನಿಲ್ಲುತ್ತದೆ? ಎಂಟು ತಿಂಗಳು. ವರ್ಷ ಅನ್ನಿ.
ಕಡಲಿಗೆ ಕಾಯುವುದು ಹೊಸದಲ್ಲ.

"ನೀರು ಬಿತ್ತು," ಅಂದೆ, ತಾನಾಗಿ ಬಂತು.
"ಏನಂದೆ?" ಅಂದಳು ಲವೆಟಾ.
ಗೇಟಿನಾಚೆ ಎಸೆಕಿಯೆಲನ ಟ್ರಕ್ಕು
ಕಾಲು ಟ್ಯಾಂಕೂ ತುಂಬದ ನೀರಿಗೆ
ನಿತ್ಯದ ಹೊತ್ತಿಗೇ ಬಂದು, ಎಂಜಿನ್ ಆರಿಸದೆ ನಿಂತಿತ್ತು.
ಪೈಪು ಜೋಡಿಸಲು ನಾನೇ ಹೋದೆ.