ಮುಳ್ಳಯ್ಯನ ತಟ್ಟೆ

ಪಿಯೋರಿಯಾದ ಅಡುಗೆಮನೆಯಲ್ಲಿ
ಸಾಸಿವೆ ಸೊಪ್ಪು ಹೆಚ್ಚುತ್ತೇನೆ.
ಚೂರು, ಅವನ ಎರಡು ಕಣ್ಣಿನ ನಡುವಿನ
ಅಗಲ ಮೀರಬಾರದು.
ಪಾಲಕ್ ದಿನವೂ ಬೇಡ, ಮೂಳೆಯ ಸುಣ್ಣ ಕದಿಯುತ್ತದೆ.
ಬೆಣ್ಣೆಹಣ್ಣು ವಿಷ.
ದಾಸವಾಳ ನಡೆಯುತ್ತದಂತೆ:
ದೇವರಿಗೊಂದು, ಮುಳ್ಳಯ್ಯನಿಗೊಂದು.
ಚಿಮ್ಮಂಡೆಗೆ ಪುಡಿ ಹಚ್ಚುತ್ತೇನೆ,
ಅಜ್ಜಿ ವೀಳ್ಯದೆಲೆಗೆ ಸುಣ್ಣ ಸವರಿದ ಹಾಗೆ.

ಬೇಲಿಗೂಟದ ಸಾಕ್ಷಿಯಿಲ್ಲದ ಓತಿಕ್ಯಾತ
ಗಾಜಿನೊಳಗಿಂದ ಒಂದೇ ಕಣ್ಣಲ್ಲಿ ನೋಡುತ್ತಾನೆ.

ನಿನ್ನೆ ಮುಸ್ಸಂಜೆ ನಿಹಾರ ಓಡಿಬಂದ.
ಮುಚ್ಚಿದ ಮುಷ್ಟಿ, ಬೆರಳ ಸಂದಿಯಲ್ಲಿ ಬೆಳಕು.
"ಅಮ್ಮಾ, ಇವನ ಹುಟ್ಟುಹಬ್ಬಕ್ಕೆ!"

ಮಿಂಚುಹುಳ.
ಒಂದೇ ಸಾಕು, ಮುಳ್ಳಯ್ಯ ಉಳಿಯುವುದಿಲ್ಲ.

ಹೇಳಲು ಮಾತು ಹುಡುಕುತ್ತ
ಹಿತ್ತಲ ಬಾಗಿಲು ತೆರೆದೆ.
ಅವನು ಒಂದೊಂದೇ ಬೆರಳು ಬಿಚ್ಚಿದ,
ಕಿರುಬೆರಳು ಕೊನೆಗೆ.

ಒಳಗೆ, ತಿಂಡಿ ತಪ್ಪಿದ ಮುಳ್ಳಯ್ಯ
ಗಡ್ಡ ಕಪ್ಪಗೆ ಮಾಡಿಕೊಂಡು
ಮುನಿದು ಕೂತಿದ್ದ.