ಕಾಜಾ

ಹಿಂದ್‌ಮಾತಾದ ಹಿಂದಿನ ಗಲ್ಲಿಯಲ್ಲಿ
ಒಂದೇ ಬಾಗಿಲಿನ ಅಂಗಡಿ ನಮ್ಮದು.
ಅಂಗಿ ಹೊಲಿಯುವುದಿಲ್ಲ ಇಲ್ಲಿ, ಕೋಟೂ ಇಲ್ಲ.
ಬೇರೆಯವರು ಹೊಲಿದದ್ದಕ್ಕೆ ಕಾಜಾ ಮಾಡುವುದು,
ಗುಂಡಿ ಹಚ್ಚುವುದು.
ಐವತ್ತೊಂದು ವರ್ಷ ನಾನು ಮಾಡಿದ್ದೆಲ್ಲ
ತೂತು.

ನಗಬೇಡಿ. ತೂತು ಇಲಿಯೂ ಮಾಡುತ್ತದೆ.
ಸೀಳಿದ್ದು ಮುಂದಕ್ಕೆ ಹರಿಯದ ಹಾಗೆ
ಸುತ್ತ ರೇಶಿಮೆಯ ಕಟ್ಟೆ ಕಟ್ಟುವುದಿದೆಯಲ್ಲ,
ಅದಕ್ಕೆ ನಲವತ್ತೆರಡು ಹೊಲಿಗೆ.
ಒಂದು ಕಮ್ಮಿಯಾದರೆ ಗುಂಡಿಗೆ ಗೊತ್ತಾಗುತ್ತದೆ.

ಹನ್ನೆರಡಕ್ಕೆ ಬಂದೆ, ಬಜಗೋಳಿಯಿಂದ.
ದಗಡೂ ಮಾಸ್ತರು. ಮರಾಠಿಯಲ್ಲಿ ದಗಡೆಂದರೆ ಕಲ್ಲು,
ಕೈ ಮಾತ್ರ ಬೆಣ್ಣೆ.
ಶೀನ ಎಂಬ ನನ್ನನ್ನು ಶಿನ್ಯಾ ಮಾಡಿ, ಪಕ್ಕ ಕೂರಿಸಿ,
ಉಳಿಯಿಂದ ಸೀಳುವುದು ಕಲಿಸಿದರು,
ದಾರವನ್ನು ಮೇಣಕ್ಕೆ ಉಜ್ಜುವುದು,
ಗಂಟು ಅಂಚಿನ ಮೇಲೇ ಕೂರುವ ಹಾಗೆ ಎಳೆಯುವುದು.
ಮೂವತ್ತನೆಯ ಹೊಲಿಗೆ ಬಂತೋ,
ಗೋಡೆಯ ಕಡೆ ತಿರುಗಿಬಿಡುತ್ತಿದ್ದರು.
ಬೆನ್ನು. ಬನಿಯನ್ನಿನ ತೂತು. ಬೆನ್ನು.
ಮತ್ತೆ ಈಚೆ ತಿರುಗಿದರೆ ಕಾಜಾ ಮುಗಿದಿರುತ್ತಿತ್ತು,
ಅಕ್ಕಿಕಾಳಿನಷ್ಟು ನೆಟ್ಟಗೆ.
ನನ್ನದು ಅಲ್ಲೇ, ಮೂವತ್ತರಲ್ಲೇ, ಸೊಟ್ಟ.

ಕದ್ದೆ.
ಗೋಡೆಯ ಮೇಲೊಂದು ಕನ್ನಡಿಯಿತ್ತು, ಅಂಗೈಯಗಲದ್ದು.
ಅದರೊಳಗೆ ಮಾಸ್ತರರ ಎರಡು ಕೈ.
ಹನ್ನೊಂದು ದಿನ ನೋಡಿದ ಮೇಲೆ ಕಂಡಿತು:
ದಾರ ಮುರಿಗಟ್ಟಿದಾಗ ಅವರು ಸೂಜಿಯನ್ನು
ಕೈಬಿಡುತ್ತಿದ್ದರು. ಅಷ್ಟೇ.
ಅದು ತೂಗಿ, ತನ್ನಷ್ಟಕ್ಕೆ ಗಿರಗಿರ ತಿರುಗಿ,
ಮುರಿಯೆಲ್ಲ ಬಿಚ್ಚಿಕೊಂಡು ನಿಂತ ಮೇಲೆ
ಮತ್ತೆ ಹಿಡಿಯುತ್ತಿದ್ದರು.

ಕದ್ದ ಮಾಲು. ಬಚ್ಚಿಟ್ಟೆ.
ಮಾಸ್ತರು ಹೋದರು, ಅಂಗಡಿ ನನಗಾಯಿತು.
ಕಲಿಯಲು ಬಂದ ಮೂವರಿಗೆ
ನಾನೂ ಬೆನ್ನು ತೋರಿಸಿದೆ.

ಶನಿವಾರ ಹೆಂಡತಿಯ ಜೊತೆ ಭಜನೆಗೆ ಹೋಗುತ್ತೇನೆ,
ಅಸಲ್ಫಾದ ಗುಡ್ಡಕ್ಕೆ. ತಾಳ ಕೈಗೆ ಕೊಡುತ್ತಾರೆ.
ದೇವರ ಹತ್ತಿರ ಬೇಡುವುದು ಮುಗಿದ ಕೂಡಲೇ
ನನಗೆ ನಿದ್ದೆ.
ಅವಳ ಮೊಣಕೈಗೆ ನನ್ನ ಪಕ್ಕೆಲುಬು ಪರಿಚಿತ.

ಈ ಸಲ ಗಲ್ಲಿಗೆ ಮೊಣಕಾಲುದ್ದ ನೀರು ನುಗ್ಗಿದ ದಿನ
ಎದುರಿನ ಇಸ್ತ್ರಿ ಗಾಡಿಯ ಕೆಂಡ ಆರಿ,
ಕನೌಜಿಯಾನ ಮಗಳು ಬಂದು
ನಮ್ಮ ಮೆಟ್ಟಿಲ ಮೇಲೆ ಕುಕ್ಕರಿಸಿದಳು.
ಶಿಲ್ಪಿಯಂತೆ ಹೆಸರು.
ನಮ್ಮ ಕಾರ್ಕಳದ ಕಡೆ ಕಲ್ಲು ಕೆತ್ತುವವರನ್ನು
ಹಾಗೆನ್ನುತ್ತಾರೆ ಮಗಾ, ಎಂದೆ.
"ಹಾಗಾದರೆ ಇದನ್ನೂ ಕಲಿಸಿ" ಎಂದಳು.

ಮಳೆ ನಿಲ್ಲಲಿಲ್ಲ. ಗಿರಾಕಿಯಿಲ್ಲ. ಕಲಿಸಿದೆ.
ಇಪ್ಪತ್ತೆಂಟು, ಇಪ್ಪತ್ತೊಂಬತ್ತು...
ಮೈ ತಾನಾಗಿ ಗೋಡೆಗೆ ತಿರುಗಿತು.
ಕನ್ನಡಿಯಲ್ಲಿ ಎರಡು ಕಣ್ಣು.
ನನ್ನವಲ್ಲ.

ಆಗ ಹೊಳೆಯಿತು, ಈ ವಯಸ್ಸಿಗೆ.
ಕಾಜಾದ ಅಂಗಡಿಗೆ ಕನ್ನಡಿ ಯಾಕೆ?
ಯಾರೂ ಏನನ್ನೂ ತೊಟ್ಟು ನೋಡುವ ಜಾಗವಲ್ಲ ಇದು.
ಮಾಸ್ತರದು ಬೋಳು ತಲೆ, ಬಾಚಣಿಗೆ ಕಂಡವರಲ್ಲ.
ಆದರೂ ದಿನಾ ಬಾಗಿಲು ತೆಗೆದೊಡನೆ,
ಗಣಪತಿಗೆ ಊದುಬತ್ತಿ ಹಚ್ಚುವ ಮೊದಲೇ,
ಅಂಗಿಯ ಚುಂಗಿನಿಂದ ಆ ಗಾಜನ್ನು ಒರೆಸುತ್ತಿದ್ದರು.
ಮೊಳೆ ಹೊಡೆದದ್ದೂ ಎಷ್ಟು ಕೆಳಗೆ:
ನೆಲದ ಮೇಲೆ ಕೂತ ಹುಡುಗನ
ಕಣ್ಣಿಗೆ ನೇರ.

ಅವರ ಉಸ್ತಾದ ಆಣೆ ಹಾಕಿಸಿದ್ದನೋ ಏನೋ,
ಯಾರಿಗೂ ತೋರಿಸಬೇಡ ಎಂದು.
ಮಾತು ತಪ್ಪಲಿಲ್ಲ ಪುಣ್ಯಾತ್ಮ,
ಬೆನ್ನು ಹಾಕಿಯೇ ಕೊಟ್ಟ.
ಕೊಟ್ಟದ್ದನ್ನು ಕದ್ದೆ ಅಂದುಕೊಂಡು
ಇಷ್ಟು ವರ್ಷ ನಾನು ಕಳ್ಳನ ಹಾಗೆ ಬದುಕಿದೆ.

ನನಗೆ ಯಾರ ಆಣೆಯೂ ಇಲ್ಲ.
ಬಾಗಿಲ ಬೆಳಕಿಗೆ ತಿರುಗಿ ಕೂತೆ.
"ಇಲ್ಲಿ ನೋಡು" ಎಂದೆ.
ಬಿಟ್ಟೆ ಸೂಜಿಯನ್ನು.

ಅದು ತಿರುಗುವಷ್ಟು ಹೊತ್ತು
ಇಬ್ಬರೂ ಉಸಿರು ಹಿಡಿದಿದ್ದೆವು.
ಹೊರಗೆ ಯಾರದೋ ಒಂಟಿ ಚಪ್ಪಲಿ
ಪರೇಲಿನ ದಿಕ್ಕಿಗೆ ತೇಲಿಹೋಯಿತು.
ನಿದ್ದೆ ಹತ್ತಿರ ಸುಳಿಯಲಿಲ್ಲ.

"ಇಷ್ಟೇನಾ ಚಾಚಾ?" ಎಂದಳು.
ಇಷ್ಟೇ, ಎಂದೆ. ಇನ್ನು ನೀನು ಹಿಡಿ.