ಮುಟ್ಟಬೇಡ, ಯಾಕೆಂದರೆ

ಬರ್ಮಿಂಗ್‌ಹ್ಯಾಮಿನ ಹಾಕ್ಲಿಯಲ್ಲಿ, ಬೀಗದಂಗಡಿಯ ಮೇಲೆ
ಹತ್ತೊಂಬತ್ತು ಮೆಟ್ಟಿಲು ಹತ್ತಿದರೆ ಮಂಗಳವಾರದ ಕ್ಲಾಸು.
ಮೋರೀನ್ ಟಿಪ್ಪಿಂಗ್ ಪಾಠ ಹೇಳುವುದು ಹೊಸ್ತಿಲಾಚೆ ನಿಂತು.
ಒಳಗೆ ಬರುವುದಿಲ್ಲ.
ಏನಪ್ಪಾ ಜಂಬ ಈಕೆಗೆ, ಅಂದುಕೊಂಡೆವು ಐದೂ ಜನ.

ಎರಡನೇ ವಾರ ತೋಳು ಮಡಚಿ ತೋರಿಸಿದಳು.
ಮೊಣಕೈವರೆಗೆ ಬಿರುಕು,
ಬೆರಳ ಸಂದಿಯಲ್ಲಿ ಮಾಸದ ಬಿಳಿ ಗೆರೆ.
"ಹದಿನಾಲ್ಕು ವರ್ಷ ಬರಿಗೈಲಿ ಕಲಸಿದೆ. ಏನೂ ಆಗಲಿಲ್ಲ.
ಏನೂ ಆಗಲಿಲ್ಲ, ಏನೂ ಆಗಲಿಲ್ಲ,
ಆಮೇಲೆ ಒಂದು ಗುರುವಾರ ಆಯಿತು."
ಈಗ ಅದೇ ಕೋಣೆಯಲ್ಲಿ ಯಾರಾದರೂ ಬಾಟಲಿ ಬಿಚ್ಚಿದರೆ ಸಾಕು,
ರೆಪ್ಪೆ ಊದಿಕೊಳ್ಳುತ್ತದೆ.
ಕಿರಾಣಿ ಅಂಗಡಿಯ ಕಡದ ಪುಸ್ತಕದ ಹಾಗೆ ಈ ಮೈ,
ಕೊಂಡವರು ಮರೆತರೂ ಬರೆದಿಟ್ಟುಕೊಂಡಿರುತ್ತದೆ.

ನಾನು ರಾತ್ರಿ ಪಾಳಿಯಲ್ಲಿ ಅಂಚೆ ವಿಂಗಡಿಸುವವಳು.
ಪಾಳಿಗೆ ಮುಂಚಿನ ಎರಡು ತಾಸು ಇದು:
ಎರಡು ಪಾಲು ರೆಸಿನ್, ಒಂದು ಪಾಲು ಹಾರ್ಡನರ್.
ಕಣ್ಣಳತೆಯಲ್ಲಿ ಸಾರಿಗೆ ಉಪ್ಪು ಹಾಕುವ ಕೈ,
ತಕ್ಕಡಿಗೆ ಒಗ್ಗಲು ತಿಂಗಳು ಹಿಡಿಯಿತು.

"ವಾಸನೆಯೇ ಇಲ್ಲವಲ್ಲ" ಅಂದ ಡೆಸ್ಮಂಡ್, ಕಿಟಕಿ ಮುಚ್ಚುತ್ತ.
ಹೊಸ್ತಿಲಿಂದ ಉತ್ತರ ಬಂತು:
"ಜನವರಿಯ ರಸ್ತೆ ಮೇಲಿನ ಮಂಜುಗಡ್ಡೆಗೆ ವಾಸನೆ ಇದೆಯಾ?"
ಕಿಟಕಿ ತೆರೆದ.

ಅರಗಿನ ಮನೆ ನೆನಪಾಯಿತು ನನಗೆ.
ನುಣ್ಣನೆ ಕಂಬ, ಮಿರುಗುವ ಗೋಡೆ,
ಸುಖವಾಗಿ ಮಲಗಿ ಎಂದವರ ನಗು.
ಸುರಂಗ ಇದ್ದದ್ದಕ್ಕೆ ತಾಯಿಮಕ್ಕಳು ಆರು ಜನ ಬದುಕಿದರು.
ಒಳಗೇ ಬೆಂದವರೂ ಆರು ಜನ, ಒಬ್ಬ ತಾಯಿ, ಐದು ಮಕ್ಕಳು.
ಅವರ ಹೆಸರು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ಕೇಳಿಲ್ಲ.
ಮೋರೀನ್ ಹೇಳುತ್ತಾಳೆ: ಐವಿ, ಗ್ಲೆನಿಸ್, ಕುಳ್ಳಿ ಪಾಲಿನ್,
ಗುಂಡಿ ಕಾರ್ಖಾನೆಯಲ್ಲಿ ಪಕ್ಕದ ಬೆಂಚಿನವರು.
ನಮ್ಮ ಸುರಂಗವೆಂದರೆ ಗೋಡೆ ಕೊರೆದು ಕೂರಿಸಿದ ಆ ಫ್ಯಾನು.
ಅದು ನಿಂತರೆ ಪಾಠ ನಿಲ್ಲುತ್ತದೆ.

ಮುಟ್ಟಬೇಡ ಎನ್ನುವುದನ್ನು ಕೇಳಿಯೇ ಬೆಳೆದವಳು ನಾನು.
ಉಪ್ಪಿನಕಾಯಿ ಜಾಡಿ ಮುಟ್ಟಬೇಡ, ದೇವರ ಪೆಟ್ಟಿಗೆ ಮುಟ್ಟಬೇಡ,
ಅವರನ್ನು ಮುಟ್ಟಬೇಡ, ಈ ಮೂರು ದಿನ ಯಾರನ್ನೂ ಮುಟ್ಟಬೇಡ.
ಯಾಕೆ ಎಂದರೆ ಬೆನ್ನಿಗೊಂದು ಗುದ್ದು.
ಐವತ್ತೆರಡಕ್ಕೆ ಒಬ್ಬಳು ಸಿಕ್ಕಳು
ಯಾಕೆಂದರೆ ಎಂದು ಶುರುಮಾಡಿ, ವಾಕ್ಯ ಮುಗಿಸುವವಳು:
ಯಾಕೆಂದರೆ ಲೇಟೆಕ್ಸ್ ಅದನ್ನು ತಡೆಯದು, ನೈಟ್ರೈಲ್ ತೊಡು, ಕೊಳೆಯಾದರೆ ಎಸೆ;
ಯಾಕೆಂದರೆ ಸ್ಪಿರಿಟ್ಟಿನಿಂದ ಕೈ ಒರೆಸಿದರೆ
ಚರ್ಮವೇ ಬಾಗಿಲು ತೆಗೆದು ಒಳಗೆ ಕರೆಯುತ್ತದೆ, ಸೋಪು ನೀರು ಸಾಕು;
ಯಾಕೆಂದರೆ ಧೂಳು ಅಂದರೆ ರೆಕ್ಕೆ ಬಂದ ರೆಸಿನ್ನೇ,
ನೀರು ಹಾಕಿ ಉಜ್ಜು, ಮಾಸ್ಕು ಬಿಗಿ.
ಚಹಾದ ಲೋಟ? ಹೊರಗೆ. ಮೆಟ್ಟಿಲ ಮೇಲೆ.

ಕೊನೆಯ ವಾರ ಒಂದು ಬಿಸ್ಕತ್ತಿನ ಡಬ್ಬಿ ತಂದಳು.
ಒಳಗೆ ಅರ್ಧ ತುಂಬಿದ ಬಳೆಯ ಅಚ್ಚು,
ಕಾಲುವೆ ದಂಡೆಯ ಬರ್ಚ್ ಮರದ ಬೀಜಗಳು ಅದರೊಳಗೆ
ಆ ಗುರುವಾರದ ಹಿಂದಿನ ಬುಧವಾರದಿಂದ ಹಾಗೇ ನಿಂತಿವೆ.
"ನೀನು ತುಂಬು" ಎಂದಳು.
ನಾನು ಸುರಿದೆ. ಅವಳು ಅಲ್ಲಿಂದಲೇ ಕತ್ತು ಚಾಚಿ,
"ಗುಳ್ಳೆ. ಎಡಗಡೆ. ಸೂಜಿ ತಗೋ. ಅವಸರ ಬೇಡ."

ಹತ್ತು ದಿನ ಮುಟ್ಟದೆ ಬಿಟ್ಟು, ಉಜ್ಜಿ, ತೊಳೆದು,
ಮೆಟ್ಟಿಲ ಬಳಿ ಹಿಡಿದು ನಿಂತೆ.
ಗಟ್ಟಿಯಾದದ್ದು ಏನೂ ಮಾಡುವುದಿಲ್ಲ, ಬಹುಶಃ,
ಅವಳಿಗೂ ಗೊತ್ತು. ಕೈ ಮಾತ್ರ ಮುಂದೆ ಬರಲಿಲ್ಲ.
"ಮುಟ್ಟಿದರೆ ಹೇಗಿದೆ?" ಎಂದಳು.
ಇಂಗ್ಲಿಷಿನಲ್ಲಿ ಹುಡುಕಿದೆ. ಸಿಗಲಿಲ್ಲ.
"ನುಣುಪು" ಅಂದುಬಿಟ್ಟೆ.
ಅರ್ಥ ಕೇಳಲಿಲ್ಲ ಅವಳು. ಬಾಯಲ್ಲಿ ಹೊರಳಿಸಿದಳು,
ನುನುಪು, ನುನ್ಪು.
ಮತ್ತೆ, ನನ್ನ ಭುಜದಾಚೆ ನೋಡುತ್ತ,
"ಫ್ಯಾನು ಆರಿಸಬೇಡ ಈಗಲೇ. ಇನ್ನೂ ಅರ್ಧ ಗಂಟೆ."